ಹಳೆ ಗಾಡಿಯ ಡಿಫರೆನ್ಷಿಯಲ್ ಪ್ಲಗ್ ಬಿಚ್ಚುತ್ತಿಲ್ಲ, ಮೂಲೆಯೂ ಸವೆದಿದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್, ಮಹೀಂದ್ರದ ಹಳೆ ಜೀಪು ಇಟ್ಟುಕೊಂಡವರಿಗೆಲ್ಲ ಒಂದಲ್ಲ ಒಂದು ದಿನ ಈ ತೊಂದರೆ ಎದುರಾಗುತ್ತದೆ. ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಬಲ ಹಂಚುವ ಗೇರುಗಳ ಪೆಟ್ಟಿಗೆ) ಎಣ್ಣೆ ಬದಲಿಸೋಣ ಎಂದು ಕೆಳಗೆ ನುಗ್ಗಿದರೆ ಪ್ಲಗ್ ಅಲುಗುವುದಿಲ್ಲ, ಪಾನ (ಸ್ಪ್ಯಾನರ್) ಹಾಕಿದರೆ ಜಾರುತ್ತದೆ, ಎರಡು ಸಲ ಜಾರಿದ ಮೇಲೆ ಹಿಡಿಯಲು ಮೂಲೆಯೇ ಉಳಿದಿರುವುದಿಲ್ಲ. ಕೆಳಗಿನ ಉತ್ತರಗಳಿಗೆಲ್ಲ ತಳಹದಿ ಒಂದೇ. ಪ್ಲಗ್ ಹೋದರೆ ಹೋಗಲಿ, ಅದು ಕೂತಿರುವ ಲೋಹದ ಕವಚ, ಅಂದರೆ ಹೌಸಿಂಗ್, ಉಳಿಯಬೇಕು. ಪ್ಲಗ್ ಅಂಗಡಿಯಲ್ಲಿ ಸಿಗುತ್ತದೆ, ಇಲ್ಲವೇ ಲೇತ್‌ನಲ್ಲಿ ಮಾಡಿಸಬಹುದು. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ, ಉಳಿದವು ಅದಕ್ಕೂ ಮುಂಚೆಯೇ ನಿಂತವು. ಒಳ್ಳೆಯ ಹೌಸಿಂಗ್ ಬೇಕೆಂದರೆ ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಹುಡುಕಾಡುವುದೇ ಗತಿ.

ಎರಡು ಪ್ಲಗ್ ಇವೆ. ಮೊದಲು ಯಾವುದನ್ನು ಬಿಚ್ಚಬೇಕು?

ಮೇಲಿನದನ್ನು, ಅಂದರೆ ಎಣ್ಣೆ ಹಾಕುವ ಪ್ಲಗ್ಗನ್ನು. ಇದರಲ್ಲಿ ರಾಜಿ ಬೇಡ. ಕೆಳಗಿನ ಪ್ಲಗ್ ಸಲೀಸಾಗಿ ಬಂತೆಂದು ಎಣ್ಣೆಯನ್ನೆಲ್ಲ ಇಳಿಸಿಬಿಟ್ಟು, ಆಮೇಲೆ ಮೇಲಿನದು ಬಾರದಿದ್ದರೆ ಗಾಡಿ ನಿಂತಲ್ಲೇ ನಿಂತಿತು. ಒಣಗಿದ ಡಿಫರೆನ್ಷಿಯಲ್‌ನಲ್ಲಿ ಗಾಡಿ ಓಡಿಸಿದರೆ ಒಳಗಿನ ಕ್ರೌನ್ ಮತ್ತು ಪಿನಿಯನ್ ಗೇರುಗಳ ಹಲ್ಲು ಕೆಲವೇ ಕಿಲೋಮೀಟರಿನಲ್ಲಿ ಹಾಳಾಗುತ್ತವೆ.

ಮೇಲಿನ ಪ್ಲಗ್ಗೇ ಎಣ್ಣೆಯ ಮಟ್ಟದ ಗುರುತು ಕೂಡ. ಹೆರಾಲ್ಡ್‌ನಂಥ ಕೆಲವು ಗಾಡಿಗಳಲ್ಲಿ ಕೆಳಗೆ ಪ್ಲಗ್ಗೇ ಇಲ್ಲದಿರಬಹುದು. ಇಲ್ಲದ ಪ್ಲಗ್ಗನ್ನು ಹುಡುಕುತ್ತಾ ಬೇರೆ ಬೋಲ್ಟ್ ಬಿಚ್ಚಬೇಡಿ.

ಇಷ್ಟು ಗಟ್ಟಿಯಾಗಿ ಏಕೆ ಕಚ್ಚಿಕೊಳ್ಳುತ್ತದೆ?

ಹಳೆ ಆಕ್ಸಲ್‌ಗಳಲ್ಲಿ ಹೆಚ್ಚಾಗಿ ಇರುವುದು ಟೇಪರ್ ಥ್ರೆಡ್ಡಿನ ಪ್ಲಗ್, ನಲ್ಲಿ ಪೈಪಿನ ಪ್ಲಗ್ ಇದ್ದ ಹಾಗೆ. ಪ್ರತಿ 16 ಮಿ.ಮೀ. ಉದ್ದಕ್ಕೆ 1 ಮಿ.ಮೀ. ದಪ್ಪ ಏರುತ್ತಾ ಹೋಗುವುದರಿಂದ ತಿರುಗಿಸಿದಷ್ಟೂ ಬೆಣೆಯ ಹಾಗೆ ಒಳಗೆ ಕೂರುತ್ತದೆ. ಎಣ್ಣೆ ಸೋರದಂತೆ ತಡೆಯುವುದು ಆ ಬಿಗಿಯೇ, ವಾಷರ್ ಅಲ್ಲ. ಸೋರಿಕೆ ಕಂಡವರೊಬ್ಬರು ಪಾನಕ್ಕೆ ಪೈಪ್ ತೂರಿಸಿ ಬಿಗಿದಿರುತ್ತಾರೆ. ಇನ್ನೊಬ್ಬರು ಎಂ-ಸೀಲ್ ಮೆತ್ತಿರುತ್ತಾರೆ. ಮತ್ತೊಬ್ಬರು ಅದರ ಮೇಲೆಯೇ ಕಪ್ಪು ಬಣ್ಣ ಹೊಡೆದಿರುತ್ತಾರೆ. ಹೊರಗಿನ ಅಂಚಿಗೆ ಮಳೆಗಾಲದ ಕೆಸರು ಕೂತು ಮೊದಲ ಎರಡು ಮೂರು ಥ್ರೆಡ್ ತುಕ್ಕಿನಲ್ಲಿ ಒಂದಾಗಿರುತ್ತವೆ. ಕರಾವಳಿಯಲ್ಲಿ ಓಡಿದ ಗಾಡಿಗಳಲ್ಲಿ ಉಪ್ಪುಗಾಳಿಯಿಂದ ಇದು ಇನ್ನೂ ಹೆಚ್ಚು.

ಸಮಾಧಾನದ ಸಂಗತಿಯೆಂದರೆ ಒಳಗಿನ ಥ್ರೆಡ್ ಎಣ್ಣೆಯಲ್ಲೇ ನೆನೆದಿರುತ್ತದೆ, ಅಲ್ಲಿ ತುಕ್ಕು ಇರುವುದಿಲ್ಲ. ಹೊರಗಿನ ಅಂಚು ಬಿಟ್ಟಿತೆಂದರೆ, ಟೇಪರ್ ಆದ್ದರಿಂದ ಅರ್ಧ ಸುತ್ತು ತಿರುಗುವಷ್ಟರಲ್ಲಿ ಪ್ಲಗ್ ಸಡಿಲವಾಗುತ್ತದೆ. ಕಷ್ಟವೆಲ್ಲ ಮೊದಲ ಕಾಲು ಇಂಚಿನ ಚಲನೆಯಲ್ಲಿದೆ.

ಮೂಲೆ ಸವೆಯಲು ಕಾರಣ ಏನು? ಸರಿಯಾದ ಪಾನ ಯಾವುದು?

ಮುಖ್ಯ ಕಾರಣ, ಅಳತೆ ಸರಿಯಿಲ್ಲದ ಪಾನ. ಅಂಬಾಸಿಡರ್, ಹೆರಾಲ್ಡ್, ಜೀಪು ಇವೆಲ್ಲ ಇಂಚಿನ ಲೆಕ್ಕದ ಗಾಡಿಗಳು. ಪದ್ಮಿನಿ ಫಿಯೆಟ್ ವಂಶದ್ದು, ಮಿಲಿಮೀಟರ್ ಲೆಕ್ಕ. ಅರ್ಧ ಇಂಚು ಅಂದರೆ 12.7 ಮಿ.ಮೀ., ಅದಕ್ಕೆ 13ರ ಪಾನ ಹಾಕಿದರೆ 0.3 ಮಿ.ಮೀ. ಸಡಿಲ ಉಳಿಯುತ್ತದೆ. ಗಟ್ಟಿಯಾದ ಪ್ಲಗ್ಗಿಗೆ ಅಷ್ಟು ಸಡಿಲ ಸಾಕು, ಮೂಲೆ ಮಡಚುತ್ತದೆ. 7/16 ಇಂಚು 11.1 ಮಿ.ಮೀ., 9/16 ಇಂಚು 14.3 ಮಿ.ಮೀ., 3/4 ಇಂಚು 19.05 ಮಿ.ಮೀ. ಕೊನೆಯದಕ್ಕೆ ಮಾತ್ರ 19ರ ಪಾನ ಧೈರ್ಯವಾಗಿ ಹಾಕಬಹುದು.

ಪಾನ ಹಿಡಿಯುವ ಮುಂಚೆ ಅಳತೆಗೆ ವರ್ನಿಯರ್ ಕ್ಯಾಲಿಪರ್ ಹಿಡಿಯಿರಿ. ಗಾಡಿಯ ಹೆಸರು ನೋಡಿ ಅಳತೆ ಊಹಿಸಬೇಡಿ. ಇಷ್ಟು ವರ್ಷದಲ್ಲಿ ಯಾರೋ ಬೇರೆ ಪ್ಲಗ್ ಹಾಕಿರುವ ಸಾಧ್ಯತೆ ಬಹಳ.

ಪ್ಲಗ್ಗಿನ ತಲೆ ನಾಲ್ಕು ಬಗೆಯಲ್ಲಿ ಕಾಣಸಿಗುತ್ತದೆ. ಹೊರಚಾಚಿದ ಚೌಕ ತಲೆ, ಒಳಗೆ ಚೌಕ ಕುಳಿ, ಒಳಗೆ ಎಲನ್ ಕೀ ಕುಳಿ, ಮತ್ತು ಮಾಮೂಲಿ ಆರು ಮೂಲೆಯ ತಲೆ. ಹೆಚ್ಚು ಹಾಳಾಗುವುದು ಮೊದಲನೆಯದು, ಏಕೆಂದರೆ ಅದಕ್ಕೆ ಹನ್ನೆರಡು ಮೂಲೆಯ ರಿಂಗ್ ಪಾನ ಹಾಕುತ್ತಾರೆ. ಅದು ಚೌಕದ ಮೂಲೆಯ ತುದಿಯನ್ನಷ್ಟೇ ಮುಟ್ಟುತ್ತದೆ, ಬದಿಯನ್ನು ಹಿಡಿಯುವುದೇ ಇಲ್ಲ. ಚೌಕ ತಲೆಗೆ ಎಂಟು ಮೂಲೆಯ ಸಾಕೆಟ್ ಎಂದೇ ಬರುತ್ತದೆ, ಅದು ಬೇಕು. ಬೆಂಗಳೂರಿನಲ್ಲಾದರೆ ಎಸ್.ಜೆ.ಪಿ. ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಕೇಳಿ. ಸಿಗದಿದ್ದರೆ ಬಾಯಿ ಅಗಲವಾಗದ ಹೊಸ ಓಪನ್ ಪಾನ ಪರವಾಗಿಲ್ಲ.

ಚೌಕ ಕುಳಿಗೆ ಹಲವರು ರ‍್ಯಾಚೆಟ್‌ನ ಅರ್ಧ ಇಂಚಿನ ತುದಿಯನ್ನೇ ನೇರ ತೂರಿಸುತ್ತಾರೆ. ಕುಳಿ ನಿಜವಾಗಿ ಅರ್ಧ ಇಂಚು ಇದ್ದು, ತಳದವರೆಗೆ ಸ್ವಚ್ಛವಾಗಿದ್ದರೆ ಸರಿ. ಕುಳಿಯ ತಳದಲ್ಲಿ ಗಟ್ಟಿ ಮಣ್ಣು ತುಂಬಿದ್ದರೆ ತುದಿ ಮೂರು ನಾಲ್ಕು ಮಿಲಿಮೀಟರ್ ಮಾತ್ರ ಒಳಗೆ ಹೋಗಿ ಬಾಯನ್ನು ಕಿತ್ತುಹಾಕುತ್ತದೆ. ಮೊಳೆ ಅಥವಾ ಹಳೆ ಸ್ಕ್ರೂಡ್ರೈವರ್‌ನಿಂದ ತಳದ ಲೋಹ ಹೊಳೆಯುವವರೆಗೆ ಕೆರೆಯಿರಿ.

ಯಾವ ಕಡೆಗೆ ತಿರುಗಿಸಬೇಕು?

ಪ್ಲಗ್ಗಿನ ತಲೆಯನ್ನು ನೇರ ನೋಡಿದಾಗ ಗಡಿಯಾರದ ವಿರುದ್ಧ ದಿಕ್ಕಿಗೆ. ಗಾಡಿಯಡಿ ಮಲಗಿ ಕೈ ಹಿಂದಕ್ಕೆ ಚಾಚಿ ಕೆಲಸ ಮಾಡುವಾಗ ಇದು ತಲೆಕೆಳಗಾಗಿ ತೋರುತ್ತದೆ, ಬಿಚ್ಚುತ್ತಿದ್ದೇವೆ ಎಂದುಕೊಂಡು ಇನ್ನಷ್ಟು ಬಿಗಿದವರು ಬಹಳ ಜನ. ಹೌಸಿಂಗ್ ಮೇಲೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿಕೊಂಡರೆ ಗೊಂದಲವಿಲ್ಲ.

ಗಾಡಿಯನ್ನು ಹೇಗೆ ನಿಲ್ಲಿಸಬೇಕು?

ಸಮತಟ್ಟಾದ ಗಟ್ಟಿ ನೆಲದಲ್ಲಿ. ಹಿಂದಿನ ಚಕ್ರ ಎತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ಗಾಡಿಯನ್ನು ಹಿಡಿಯುವುದಿಲ್ಲ, ಈ ಕಾರುಗಳಲ್ಲಿ ಅದು ಹಿಂದಿನ ಚಕ್ರಕ್ಕೇ ಇರುವುದು. ಆದ್ದರಿಂದ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮರದ ದಿಮ್ಮಿ ಕೊಡಿ. ಜಾಕ್ ಎತ್ತುವುದಕ್ಕಷ್ಟೇ, ನಿಲ್ಲಿಸುವುದಕ್ಕೆ ಆಕ್ಸಲ್ ಟ್ಯೂಬಿನ ಎರಡೂ ಕಡೆ ಸ್ಟ್ಯಾಂಡ್ ಬೇಕು. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡವೇ ಬೇಡ. ಸುತ್ತಿಗೆ ಏಟಿಗೆ ಅವು ಬಿರುಕು ಬಿಡುತ್ತವೆ, ನೀವು ಕೆಳಗಿರುತ್ತೀರಿ. ದಾರಿ ಇದ್ದರೆ ಸರ್ವಿಸ್ ಸ್ಟೇಷನ್ನಿನ ಪಿಟ್ ಎಲ್ಲಕ್ಕಿಂತ ಒಳ್ಳೆಯದು. ಅಲ್ಲಿ ನಿಂತುಕೊಂಡು ಎರಡೂ ಕೈಯಿಂದ ಬಲ ಹಾಕಬಹುದು, ಪಾನ ಜಾರುವುದೂ ಕಡಿಮೆ.

ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಸಾಕಾಗುವುದಿಲ್ಲವೇ?

ಸಹಾಯ ಆಗುತ್ತದೆ, ಆದರೆ ಅದೊಂದರಿಂದಲೇ ಬಿಚ್ಚುವುದು ಅಪರೂಪ. ಮೊದಲು ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ, ತಂತಿ ಬ್ರಷ್‌ನಿಂದ ಪ್ಲಗ್ ಸುತ್ತಲಿನ ಮಣ್ಣು, ಬಣ್ಣ, ಹಳೆ ಪೇಸ್ಟ್ ಎಲ್ಲ ತೆಗೆದು ಪ್ಲಗ್ಗಿಗೂ ಹೌಸಿಂಗ್‌ಗೂ ನಡುವಿನ ಗೆರೆ ಕಾಣುವಂತೆ ಮಾಡಿ. ಆ ಗೆರೆ ಕಾಣದಿದ್ದರೆ ಸ್ಪ್ರೇ ಮೇಲೆಯೇ ಹರಿದುಹೋಗುತ್ತದೆ. ಹಿಂಭಾಗದ ಪ್ಲಗ್ ಅಡ್ಡಕ್ಕೆ ಇರುವುದರಿಂದ ಹೊಡೆದದ್ದು ನಿಲ್ಲುವುದಿಲ್ಲ. ಪ್ಲಗ್ಗಿನ ಕೆಳ ಅರ್ಧಕ್ಕೆ ಜೇಡಿಮಣ್ಣು ಅಥವಾ ನಾದಿದ ಹಿಟ್ಟಿನಿಂದ ಸಣ್ಣ ಕಟ್ಟೆ ಕಟ್ಟಿ, ಅದರೊಳಗೆ ಎಣ್ಣೆ ನಿಲ್ಲುವಂತೆ ಮಾಡಿ. ದಿನಕ್ಕೆ ಮೂರು ನಾಲ್ಕು ಸಲ, ಎರಡು ದಿನ ಹಾಕುತ್ತಿರಿ.

ಅಸಿಟೋನ್ ಮತ್ತು ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಎಣ್ಣೆಯನ್ನು ಸಮಪಾಲು ಬೆರೆಸಿದರೂ ಚೆನ್ನಾಗಿ ಇಳಿಯುತ್ತದೆ. ಅದು ಬೇಗ ಹೊತ್ತಿಕೊಳ್ಳುವ ಮಿಶ್ರಣ. ಹಾಕಿದ ದಿನ ಬೆಂಕಿ ಕೆಲಸ ಮಾಡಬೇಡಿ, ಪ್ಲಾಸ್ಟಿಕ್ ಬಾಟಲಿಯಲ್ಲಿ ಬಿಸಿಲಿಗೂ ಇಡಬೇಡಿ.

ಸುತ್ತಿಗೆಯಿಂದ ಬಡಿಯಬಹುದೇ?

ಬಡಿಯಲೇಬೇಕು. ತುಕ್ಕು ಗಾಜಿನ ಹಾಗೆ ಪೆಡಸು, ಎಳೆತಕ್ಕಿಂತ ಏಟಿಗೆ ಬೇಗ ಒಡೆಯುತ್ತದೆ. ಪ್ಲಗ್ಗಿನ ಮುಖದ ಮೇಲೆ ಹಿತ್ತಾಳೆ ಅಥವಾ ಕಬ್ಬಿಣದ ಚಪ್ಪಟೆ ತುದಿಯ ಸರಳು ನೇರ ಇಟ್ಟು, ಒಂದು ಕಿಲೋ ಸುತ್ತಿಗೆಯಿಂದ ಹತ್ತು ಹದಿನೈದು ಚುರುಕಾದ ಏಟು ಕೊಡಿ. ಏಟು ಕೊಡುವಾಗ ಕಿವಿ ಕೊಟ್ಟು ಕೇಳಿ. ಮೊದಲು ‘ಠಣ್’ ಎನ್ನುತ್ತಿದ್ದ ಸದ್ದು ಸ್ವಲ್ಪ ಮಂಕಾದರೆ ಕಚ್ಚು ಬಿಡುತ್ತಿದೆ ಎಂದರ್ಥ. ಆಮೇಲೆ ಮತ್ತೆ ಸ್ಪ್ರೇ. ಆಕ್ಸಲ್ ಅಡಿಗೆ ಸ್ಟ್ಯಾಂಡ್ ಇದ್ದಾಗ ಮಾತ್ರ ಬಡಿಯಿರಿ, ಜಾಕ್ ಮೇಲಿದ್ದಾಗ ಅಲ್ಲ. ಅಲ್ಯೂಮಿನಿಯಂ ಮುಚ್ಚಳವಾದರೆ ಏಟು ಹಗುರವಾಗಿರಲಿ.

ಮೂಲೆ ಅರ್ಧ ಸವೆದಿದೆ. ಇನ್ನೂ ಹಿಡಿತ ಸಿಗುತ್ತದೆಯೇ?

ಸಿಗುತ್ತದೆ, ಈ ಹಂತದಲ್ಲಿ ನಿಲ್ಲಿಸಿ ಯೋಚಿಸಿದರೆ. ಅದೇ ಪಾನದಲ್ಲಿ ‘ಇನ್ನೊಂದು ಸಲ’ ಪ್ರಯತ್ನಿಸುವುದೇ ಅರ್ಧ ಸವೆದದ್ದನ್ನು ಪೂರ್ತಿ ಉರುಟು ಮಾಡುವುದು.

ಹೊರಚಾಚಿದ ತಲೆಯಾದರೆ ಎದುರು ಬದುರಿನ ಎರಡು ಬದಿಗಳನ್ನು ಚಪ್ಪಟೆ ಅರದಿಂದ ಉಜ್ಜಿ ಮುಂದಿನ ಚಿಕ್ಕ ಅಳತೆಗೆ ತನ್ನಿ. ಉದಾಹರಣೆಗೆ 11.1 ಮಿ.ಮೀ. ಇದ್ದದ್ದನ್ನು 10ಕ್ಕೆ. ಪೂರ್ತಿ ಉಜ್ಜದೆ 10.1ರ ಹತ್ತಿರ ನಿಲ್ಲಿಸಿ, 10ರ ಪಾನವನ್ನು ಸುತ್ತಿಗೆಯಿಂದ ಬಡಿದು ಕೂರಿಸಿ. ಬಿಗಿಯಾಗಿ ಕೂತ ಪಾನ ಜಾರುವುದಿಲ್ಲ.

ಕುಳಿಯಾದರೆ ಸ್ಟಾರ್ ಬಿಟ್, ಅಂದರೆ ಟಾರ್ಕ್ಸ್ ಬಿಟ್, ಬಡಿದು ಕೂರಿಸಿ. ಟಿ-55 ಸುಮಾರು 11.2 ಮಿ.ಮೀ., ಟಿ-60 ಸುಮಾರು 13.2 ಮಿ.ಮೀ. ಇರುತ್ತದೆ. ಸವೆದ 3/8 ಇಂಚಿನ ಚೌಕ ಕುಳಿಗೆ ಮೊದಲನೆಯದು, ಸವೆದ 12 ಮಿ.ಮೀ. ಎಲನ್ ಕುಳಿಗೆ ಎರಡನೆಯದು ಹೊಂದುತ್ತದೆ. ಬಿಟ್ಟಿನ ಹಲ್ಲುಗಳು ಕುಳಿಯ ಗೋಡೆಯನ್ನು ಕೊರೆದುಕೊಂಡು ಹೋಗಬೇಕು. ಕೈಯಲ್ಲಿ ತಳ್ಳಿದರೆ ಒಳಗೆ ಹೋಗುವ ಬಿಟ್ ನಿಮಗೆ ಬೇಕಾದ್ದಲ್ಲ.

ತಿರುಗಿಸುವಾಗ ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ಒತ್ತಿ, ಆಮೇಲೆ ಬಿಚ್ಚುವ ಕಡೆಗೆ. ಹಿಡಿಕೆ ಅರ್ಧ ಮೀಟರಿನಷ್ಟಿದ್ದರೆ ಸಾಕು. ಒಂದು ಕೈ ಸಾಕೆಟ್ಟಿನ ತಲೆಯನ್ನು ಪ್ಲಗ್ಗಿಗೆ ಒತ್ತಿ ಹಿಡಿದಿರಬೇಕು, ಇನ್ನೊಂದು ಹಿಡಿಕೆಯ ತುದಿಯಲ್ಲಿರಬೇಕು. ಜರ್ಕ್ ಕೊಡದೆ ಬಲ ಏರಿಸುತ್ತಾ ಹೋಗಿ. ಎರಡು ಮೀಟರ್ ಪೈಪ್ ತೂರಿಸಿ ಇಬ್ಬರು ನೇತಾಡುವ ವಿಧಾನ ಬೇಡ. ಅಷ್ಟು ಬಲಕ್ಕೆ ತಲೆ ಮುರಿಯುತ್ತದೆ, ಇಲ್ಲವೇ ಪ್ಲಗ್ ಕೂತಿರುವ ದಪ್ಪ ಉಬ್ಬು, ಅಂದರೆ ಬಾಸ್, ಹೌಸಿಂಗ್‌ನಿಂದ ಸೀಳುತ್ತದೆ.

ಪೈಪ್ ರೆಂಚ್ ಹೊರಚಾಚಿದ ಚೌಕಕ್ಕೆ ಒಳ್ಳೆಯದೇ, ಹಲ್ಲು ಚೂಪಾಗಿದ್ದರೆ ಮಾತ್ರ. ವೈಸ್ ಗ್ರಿಪ್ ಈ ಕೆಲಸಕ್ಕೆ ಸಾಲದು.

ಬಿಸಿ ಮಾಡಿದರೆ ಬಿಡುತ್ತದಂತೆ. ಎಷ್ಟು, ಎಲ್ಲಿ, ಹೇಗೆ?

ಬಿಸಿ ಮಾಡಬೇಕಾದ್ದು ಪ್ಲಗ್ಗನ್ನಲ್ಲ, ಅದರ ಸುತ್ತಲಿನ ಬಾಸನ್ನು. ಹೊರಗಿನದು ಹಿಗ್ಗಿ, ಒಳಗಿನದು ತಣ್ಣಗಿದ್ದರೆ ತೂತು ದೊಡ್ಡದಾಗುತ್ತದೆ. 20 ಮಿ.ಮೀ. ತೂತು 150 ಡಿಗ್ರಿ ಏರಿದರೆ ಹಿಗ್ಗುವುದು ಸುಮಾರು 0.036 ಮಿ.ಮೀ., ಒಂದು ಕಾಗದದ ದಪ್ಪದ ಅರ್ಧಕ್ಕಿಂತಲೂ ಕಡಿಮೆ. ಅಷ್ಟೇ ಸಾಕು, ತುಕ್ಕು ಬಿರಿಯುತ್ತದೆ.

ಹದ ಗೊತ್ತಾಗಲು ಥರ್ಮಾಮೀಟರ್ ಬೇಕಿಲ್ಲ. ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದಾಗ ಹನಿ ಚುಂಯ್ ಎಂದು ಹಾರಿಹೋಗುತ್ತದಲ್ಲ, ಬಾಸ್ ಆ ಹದಕ್ಕೆ ಬಂದರೆ ನಿಲ್ಲಿಸಿ. ಕೆಂಪಗೆ ಕಾಯಿಸಬೇಡಿ. ಸಣ್ಣ ಜ್ವಾಲೆಯ ಗ್ಯಾಸ್ ಟಾರ್ಚ್ ಅಥವಾ ಬಿಸಿಗಾಳಿ ಗನ್ ಸಾಕು, ಗ್ಯಾಸ್ ಕಟರ್ ಈ ಕೆಲಸಕ್ಕೆ ಅತಿ. ಹದ ಬಂದ ಕೂಡಲೇ ಮೇಣದಬತ್ತಿಯ ತುದಿಯನ್ನು ಪ್ಲಗ್ಗಿನ ಅಂಚಿಗೆ ಒತ್ತಿ. ಮೇಣ ಕರಗಿ ಥ್ರೆಡ್ಡಿನೊಳಕ್ಕೆ ಎಳೆದುಕೊಂಡು ಹೋಗುವುದು ಕಣ್ಣಿಗೇ ಕಾಣುತ್ತದೆ. ಮೇಣ ಒಳಗೆ ಇಳಿಯಿತೆಂದರೆ ದಾರಿ ಸಿಕ್ಕಿತು, ಬಿಸಿಯಿರುವಾಗಲೇ ತಿರುಗಿಸಿ. ಬಾರದಿದ್ದರೆ ಪೂರ್ತಿ ತಣಿಯಲು ಬಿಟ್ಟು ಮತ್ತೆ ಮಾಡಿ. ಮೂರು ಸಲ ಕಾಯಿಸಿ ತಣಿಸಿದ ಮೇಲೆ ಬಿಡುವ ಪ್ಲಗ್ ಬಹಳ.

ಎಚ್ಚರಿಕೆಗಳು ಬಿಡುವಂಥವಲ್ಲ. ಅಂಬಾಸಿಡರ್‌ನಲ್ಲೂ ಪದ್ಮಿನಿಯಲ್ಲೂ ಪೆಟ್ರೋಲ್ ಟ್ಯಾಂಕ್ ಹಿಂಭಾಗದಲ್ಲೇ ಇದೆ. ಟ್ಯಾಂಕ್, ಪೈಪು ಎಲ್ಲಾದರೂ ಒಸರುತ್ತಿದ್ದರೆ ಬೆಂಕಿ ಹಚ್ಚಬೇಡಿ, ಟ್ಯಾಂಕ್ ಇಳಿಸಿ ದೂರ ಇಟ್ಟೇ ಕೆಲಸ. ಆಕ್ಸಲ್ ಮೇಲೆ ಹಾದುಹೋಗುವ ಬ್ರೇಕ್ ಪೈಪ್ ಮತ್ತು ರಬ್ಬರ್ ಹೋಸ್‌ಗೆ ಒದ್ದೆ ಬಟ್ಟೆ ಸುತ್ತಿ. ಆಕ್ಸಲ್ ಮೇಲಿನ ಬ್ರೀದರ್, ಅಂದರೆ ಗಾಳಿಯಾಡುವ ತೂತು, ತೆರೆದಿದೆಯೇ ನೋಡಿ. ಅದು ಮಣ್ಣು ಕಟ್ಟಿದ್ದರೆ ಒಳಗಿನ ಬಿಸಿಗಾಳಿ ಒತ್ತಡವಾಗಿ, ಪ್ಲಗ್ ಬಿಚ್ಚಿದ ಕ್ಷಣ ಬಿಸಿ ಎಣ್ಣೆಯನ್ನು ಮುಖಕ್ಕೆ ಎರಚುತ್ತದೆ. ಬೆಂಕಿ ನಂದಿಸುವ ಸಿಲಿಂಡರ್, ಒಂದು ಬಕೆಟ್ ಮರಳು ಕೈಗೆ ಎಟುಕುವಲ್ಲಿರಲಿ. ಸ್ಪ್ರೇ ಹೊಡೆದ ಜಾಗವನ್ನು ಒರೆಸಿ, ಒಣಗಿಸಿದ ಮೇಲೆಯೇ ಜ್ವಾಲೆ.

ಉಳಿಯಿಂದ ಹೊಡೆದು ತಿರುಗಿಸುವುದು ಸರಿಯೇ?

ಪ್ಲಗ್ಗಿನ ಅಂಚು ಹೌಸಿಂಗ್‌ನಿಂದ ಮೂರು ನಾಲ್ಕು ಮಿಲಿಮೀಟರಾದರೂ ಹೊರಗಿದ್ದರೆ ಸರಿ. ಚೂಪಾದ ಉಳಿಯಿಂದ ಅಂಚಿನಲ್ಲಿ ನೇರ ಒಂದು ಕಚ್ಚು ಹಾಕಿ, ಆಮೇಲೆ ಮೊಂಡು ಉಳಿಯನ್ನು ಆ ಕಚ್ಚಿಗೆ ಓರೆಯಾಗಿ ಕೊಟ್ಟು ಬಿಚ್ಚುವ ದಿಕ್ಕಿಗೆ ಹೊಡೆಯಿರಿ. ಏಟೂ ತಿರುಗುವ ಬಲವೂ ಒಟ್ಟಿಗೆ ಸಿಗುವುದರಿಂದ ಇದು ಹಳ್ಳಿಯ ಗ್ಯಾರೇಜುಗಳಲ್ಲಿ ಇಂದಿಗೂ ನಡೆಯುವ ಒಳ್ಳೆಯ ವಿಧಾನ. ಪ್ಲಗ್ ಹೌಸಿಂಗ್‌ಗೆ ಸಮವಾಗಿ ಕೂತಿದ್ದರೆ ಬೇಡ, ಉಳಿ ಜಾರಿ ಥ್ರೆಡ್ ಅಂಚನ್ನೇ ಕಡಿಯುತ್ತದೆ. ಕನ್ನಡಕ ಹಾಕಿಕೊಳ್ಳಿ.

ಹಿಡಿಯಲು ಏನೂ ಉಳಿದಿಲ್ಲ. ನಟ್ಟು ವೆಲ್ಡ್ ಮಾಡಿಸುವುದು ಹೇಗೆ?

ಪೂರ್ತಿ ಉರುಟಾದ ಪ್ಲಗ್ಗಿಗೆ ನಮ್ಮ ಮೊದಲ ಶಿಫಾರಸು ಇದೇ. ಹೊಸ ಹಿಡಿತವೂ ಸಿಗುತ್ತದೆ, ವೆಲ್ಡಿಂಗ್ ಕಾವು ಪ್ಲಗ್ಗಿನ ನಡುವಿನಿಂದ ಹರಡಿ ತುಕ್ಕನ್ನೂ ಬಿರಿಯಿಸುತ್ತದೆ. ಕಾದ ಪ್ಲಗ್ ಹಿಗ್ಗಲು ಜಾಗವಿಲ್ಲದೆ ಅದುಮಿಕೊಂಡು, ತಣಿದಾಗ ಮೊದಲಿಗಿಂತ ಒಂದು ಎಳೆ ಚಿಕ್ಕದಾಗುತ್ತದೆ.

ಪ್ಲಗ್ಗಿನ ಮುಖವನ್ನು ಗ್ರೈಂಡರ್‌ನಿಂದ ಬೆಳ್ಳಗೆ ಹೊಳೆಯುವಂತೆ ಮಾಡಿ. ಕುಳಿಯೊಳಗಿನ ಎಣ್ಣೆ, ಸ್ಪ್ರೇ, ಮೇಣ ಏನೂ ಉಳಿಯದಂತೆ ಒರೆಸಿ. ಎಣ್ಣೆ ಇದ್ದರೆ ವೆಲ್ಡ್ ಗುಳ್ಳೆ ಗುಳ್ಳೆಯಾಗಿ ಮೊದಲ ಎಳೆತಕ್ಕೇ ಕಿತ್ತು ಬರುತ್ತದೆ. ನಟ್ಟು ಮೆತು ಉಕ್ಕಿನದಾಗಿರಲಿ. ಸತು ಲೇಪ ಇದ್ದರೆ ಉಜ್ಜಿ ತೆಗೆಯಿರಿ, ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ. ಚೌಕ ತಲೆ ಉಳಿದಿದ್ದರೆ ಅದು ನಟ್ಟಿನ ತೂತಿನೊಳಗೆ ಹೋಗುವಂಥ ಅಳತೆ ಆರಿಸಿ. ಕುಳಿಯ ಪ್ಲಗ್ಗಾದರೆ ಮೊದಲು ದಪ್ಪ ವಾಷರ್ ಒಂದನ್ನು ಪ್ಲಗ್ಗಿನ ಮುಖಕ್ಕೆ ವೆಲ್ಡ್ ಮಾಡಿ, ಅದರ ಮೇಲೆ ನಟ್ಟು. ವಾಷರ್ ಇದ್ದರೆ ಕಿಡಿ ಹೌಸಿಂಗ್ ಅಂಚಿಗೆ ಹತ್ತುವುದಿಲ್ಲ.

ವೆಲ್ಡ್ ನಟ್ಟಿನ ಒಳಗಿನಿಂದ ಆಗಬೇಕು, ತೂತು ತುಂಬುವಂತೆ. ಹೊರಗಿನಿಂದ ಸುತ್ತ ಹಾಕಿದ್ದು ನಿಲ್ಲುವುದಿಲ್ಲ. ಮಿಗ್ ವೆಲ್ಡಿಂಗ್ ಯಂತ್ರ ಇದ್ದರೆ ಉತ್ತಮ. ಆರ್ಕ್ ವೆಲ್ಡಿಂಗ್ ಆದರೆ 3.15 ಮಿ.ಮೀ. ದಪ್ಪದ, 6013 ಮಾದರಿಯ ರಾಡು, 100 ಆಂಪಿಯರ್ ಆಸುಪಾಸು. ಜೀಪಿನ ಹೌಸಿಂಗ್‌ನ ನಡುಭಾಗ ಎರಕದ್ದು, ಅದಕ್ಕೆ ರಾಡು ತಾಗಿದರೆ ಆ ಜಾಗ ಪೆಡಸಾಗಿ ಬಿರುಕು ಬಿಡಬಹುದು.

ಅರ್ಥ್ ಕ್ಲ್ಯಾಂಪ್ ಎಲ್ಲಿ ಹಾಕಿದ್ದಾರೆ ಎಂದು ನೀವೇ ಬಗ್ಗಿ ನೋಡಿ. ಆಕ್ಸಲ್ ಹೌಸಿಂಗ್ ಮೇಲೆಯೇ, ಪ್ಲಗ್ಗಿನ ಹತ್ತಿರ ಇರಬೇಕು. ಚಕ್ರಕ್ಕೋ ಪ್ರೊಪೆಲ್ಲರ್ ಶಾಫ್ಟಿಗೋ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಗುಂಡುಗಳ ಮೇಲೆ ಗುಳಿ ಬೀಳಿಸುತ್ತದೆ, ತಿಂಗಳೊಳಗೆ ಡಿಫರೆನ್ಷಿಯಲ್ ಕೂಗಲು ಶುರು ಮಾಡುತ್ತದೆ. ಬ್ಯಾಟರಿಯ ಎರಡೂ ತಂತಿ ಬಿಚ್ಚಿಡಿ. ಬಿಸಿ ಮಾಡುವಾಗ ಹೇಳಿದ ಟ್ಯಾಂಕಿನ ಎಚ್ಚರಿಕೆ ಇಲ್ಲಿ ಎರಡು ಪಟ್ಟು.

ವೆಲ್ಡ್‌ನ ಕೆಂಪು ಆರಿ, ಇನ್ನೂ ಕೈ ಇಡಲಾರದಷ್ಟು ಬಿಸಿ ಇರುವಾಗ ಮೇಣ ಒತ್ತಿ, ಆರು ಮೂಲೆಯ ಸಾಕೆಟ್ ಹಾಕಿ ಹಿಂದೆ ಮುಂದೆ ಅಲುಗಿಸುತ್ತಾ ಬಿಚ್ಚಿ. ನಟ್ಟು ಕಿತ್ತು ಬಂದರೆ ಬೇಸರ ಬೇಡ, ಇನ್ನೊಂದು ಹಾಕಿ. ಎರಡನೆಯದೋ ಮೂರನೆಯದೋ ನಟ್ಟಿಗೆ ಬರುವುದು ಮಾಮೂಲು.

ಡ್ರಿಲ್ ಮಾಡಿ ತೆಗೆಯಬಹುದಲ್ಲ? ಈಸಿ-ಔಟ್ ಹಾಕಿದರೆ?

ಮಾಡಬಹುದು, ಆದರೆ ಕೊನೆಯ ದಾರಿಯಾಗಿ. ಪ್ಲಗ್ಗಿನ ಹಿಂದೆಯೇ ಕ್ರೌನ್ ವೀಲ್ ಇದೆ, ಲೋಹದ ಚೂರು ಒಳಗೆ ಬೀಳುತ್ತದೆ. ಡ್ರಿಲ್ ಬಿಟ್ಟಿಗೆ ಪ್ಲಗ್ಗಿನ ಉದ್ದದಷ್ಟಕ್ಕೆ, ಸಾಮಾನ್ಯವಾಗಿ 10ರಿಂದ 15 ಮಿ.ಮೀ., ಟೇಪ್ ಸುತ್ತಿ ಗುರುತು ಮಾಡಿ. ಬಿಟ್ಟಿಗೆ ಗ್ರೀಸ್ ಹಚ್ಚಿದರೆ ಚೂರು ಅದಕ್ಕೇ ಅಂಟಿ ಹೊರಗೆ ಬರುತ್ತದೆ.

ಈಸಿ-ಔಟ್, ಅಂದರೆ ಕೊರೆದ ತೂತಿಗೆ ಹಾಕಿ ತಿರುಗಿಸಿ ಬಿಚ್ಚುವ ಉಪಕರಣ, ಇಲ್ಲಿ ಬೇಡ ಎನ್ನುತ್ತೇವೆ. ಅದು ಬೆಣೆಯಾಕಾರದ್ದು, ಒಳಗೆ ಹೋದಷ್ಟೂ ಪ್ಲಗ್ಗನ್ನು ಹಿಗ್ಗಿಸಿ ಇನ್ನಷ್ಟು ಬಿಗಿ ಮಾಡುತ್ತದೆ. ಮುರಿದರೆ ಆ ಗಟ್ಟಿ ಉಕ್ಕಿಗೆ ಮಾಮೂಲಿ ಡ್ರಿಲ್ ಬಿಟ್ ತಾಗುವುದೇ ಇಲ್ಲ.

ಬದಲಿಗೆ ಹೀಗೆ ಮಾಡಿ. ನಡುಮಧ್ಯೆ ಪಂಚ್ ಹೊಡೆದು 4 ಮಿ.ಮೀ. ತೂತು, ಆಮೇಲೆ 8, 12, ಹೀಗೆ ಏರಿಸಿ. ಅರ್ಧ ಇಂಚು ಬಿಎಸ್‌ಪಿ (ಬ್ರಿಟಿಷ್ ಪೈಪ್ ಥ್ರೆಡ್, ಇದರಲ್ಲಿ ಇಂಚಿನ ಹೆಸರು ಪೈಪಿನದು, ಥ್ರೆಡ್ಡಿನ ಅಗಲದ್ದಲ್ಲ) ಪ್ಲಗ್ಗಿನ ಥ್ರೆಡ್ ಬುಡದ ಅಳತೆ ಸುಮಾರು 18.6 ಮಿ.ಮೀ., ಆದ್ದರಿಂದ 16ಕ್ಕೆ ನಿಲ್ಲಿಸಿ. 3/8 ಇಂಚಾದರೆ ಬುಡ ಸುಮಾರು 15, ನಿಲ್ಲಿಸಬೇಕಾದ್ದು 12.5ಕ್ಕೆ. ಈಗ ಪ್ಲಗ್ ತೆಳು ಉಂಗುರವಾಗಿದೆ. ಹ್ಯಾಕ್‌ಸಾ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿ ಹಿಡಿದು, ಉಂಗುರದಲ್ಲಿ ಒಂದು ಕಡೆ ಎರಡು ಸೀಳು ಕೊಯ್ಯಿರಿ, ನಡುವೆ ಆರೇಳು ಮಿ.ಮೀ. ಬಿಟ್ಟು. ಹೌಸಿಂಗ್ ಥ್ರೆಡ್ಡಿನ ತುದಿ ಮಿಂಚಿದ ಕೂಡಲೇ ಕೊಯ್ಯುವುದು ನಿಲ್ಲಬೇಕು. ಆ ನಡುವಿನ ತುಂಡನ್ನು ಸಣ್ಣ ಉಳಿಯಿಂದ ಒಳಮುಖವಾಗಿ ಮಡಚಿ, ಮೂಗುಳ್ಳ ಇಕ್ಕಳದಲ್ಲಿ ಹಿಡಿದು ಎಳೆಯಿರಿ. ಉಳಿದ ಉಂಗುರ ಬಲ ಕಳೆದುಕೊಂಡು ಕೈಯಲ್ಲೇ ತಿರುಗಿ ಬರುತ್ತದೆ. ತುಂಡನ್ನು ಒಳಕ್ಕೆ ಮಾತ್ರ ಬೀಳಿಸಬೇಡಿ.

ಗಾಡಿಯ ಅಡಿಯಲ್ಲಿ ಇಷ್ಟೆಲ್ಲ ಮಾಡುವ ಬದಲು ಬೇರೆ ದಾರಿ ಇಲ್ಲವೇ?

ಜೀಪಿನವರಿಗೆ ಇದೆ, ಮತ್ತು ಅದೇ ಎಲ್ಲಕ್ಕಿಂತ ಸುರಕ್ಷಿತ. ಹಳೆ ಜೀಪುಗಳ ಹಿಂದಿನ ಸ್ಪೈಸರ್ 44 ಆಕ್ಸಲ್‌ನಲ್ಲಿ ಎಣ್ಣೆ ಹಾಕುವ ಪ್ಲಗ್ ಇರುವುದು ಹಿಂದಿನ ತಗಡು ಮುಚ್ಚಳದ ಮೇಲೆ. ಆ ಮುಚ್ಚಳಕ್ಕೆ ಹತ್ತು ಬೋಲ್ಟು. ಕೆಳಗಿನವನ್ನು ಮೊದಲು ತೆಗೆದು, ಮೇಲಿನ ಎರಡನ್ನು ಸಡಿಲ ಬಿಟ್ಟು, ತೆಳು ಸ್ಕ್ರೇಪರ್‌ನಿಂದ ಮುಚ್ಚಳ ಎಬ್ಬಿಸಿದರೆ ಎಣ್ಣೆ ಪೂರ್ತಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಮುಚ್ಚಳವನ್ನು ಕೈಯಲ್ಲಿ ಹಿಡಿದು ವೆಲ್ಡಿಂಗ್ ಅಂಗಡಿಗೆ ಹೋಗಿ. ಅಲ್ಲಿ ಟ್ಯಾಂಕಿನ ಭಯವಿಲ್ಲ, ಚೂರು ಒಳಗೆ ಬೀಳುವ ಭಯವೂ ಇಲ್ಲ. ಜೋಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ.

ಅಂಬಾಸಿಡರ್‌ಗೆ ಈ ಭಾಗ್ಯವಿಲ್ಲ. ಅದರ ಆಕ್ಸಲ್ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಬ್ಯಾಂಜೋ ಮಾದರಿ. ಡಿಫರೆನ್ಷಿಯಲ್ ಮುಂಭಾಗದಿಂದ ಬಿಚ್ಚಿ ಬರುತ್ತದೆ, ಅದಕ್ಕೂ ಮುಂಚೆ ಎರಡೂ ಕಡೆಯ ಆಕ್ಸಲ್ ಶಾಫ್ಟ್ ಹೊರಗೆಳೆಯಬೇಕು. ಸೀಲು ಬದಲಿಸುವುದೋ ಪಿನಿಯನ್ ಸದ್ದೋ ಹೇಗೂ ಬಾಕಿ ಇದ್ದರೆ ಎರಡನ್ನೂ ಒಟ್ಟಿಗೆ ಮಾಡಿ. ಬರೀ ಪ್ಲಗ್ಗಿಗಾಗಿ ಅಷ್ಟು ಬಿಚ್ಚುವ ಅಗತ್ಯವಿಲ್ಲ.

ಮೇಲಿನದು ಬಂತು, ಕೆಳಗಿನದು ಬರುತ್ತಿಲ್ಲ. ಬಿಟ್ಟುಬಿಡಬಹುದೇ?

ಬಿಡಬಹುದು. ಹತ್ತು ಕಿಲೋಮೀಟರ್ ಓಡಿಸಿ ಎಣ್ಣೆ ಬಿಸಿಯಾಗಿ ತೆಳುವಾದಾಗ, ಮೇಲಿನ ತೂತಿನಿಂದ ಸಣ್ಣ ಪಾರದರ್ಶಕ ಪೈಪನ್ನು ತಳ ಮುಟ್ಟುವಂತೆ ಬಿಟ್ಟು ಕೈ ಪಂಪಿನಿಂದ ಎಳೆಯಿರಿ. ತಳದಲ್ಲಿ ಕೂತ ಲೋಹದ ಪುಡಿ ಪೂರ್ತಿ ಬರುವುದಿಲ್ಲ. ಹೊಸ ಎಣ್ಣೆ ಹಾಕಿ 500 ಕಿಲೋಮೀಟರಿಗೆ ಮತ್ತೊಮ್ಮೆ ಎಳೆದು ಹಾಕಿದರೆ ಆ ಕೊರತೆ ಬಹುಪಾಲು ತುಂಬುತ್ತದೆ. ಸೀಮೆಎಣ್ಣೆಯಲ್ಲಿ ತೊಳೆಯುವುದು ಬೇಡ, ತಳದಲ್ಲಿ ಉಳಿದದ್ದು ಹೊಸ ಎಣ್ಣೆಯನ್ನು ತೆಳು ಮಾಡುತ್ತದೆ.

ಎಣ್ಣೆ ಇಳಿಸಿಯಾಯಿತು, ಮೇಲಿನ ಪ್ಲಗ್ ಬರುತ್ತಿಲ್ಲ. ಈಗ?

ಇಳಿದ ಎಣ್ಣೆಯನ್ನು ಅಳತೆ ಪಾತ್ರೆಯಲ್ಲಿ ಅಳೆಯಿರಿ. ಕೆಳಗಿನ ಪ್ಲಗ್ ಹಾಕಿ, ಆಕ್ಸಲ್ ಮೇಲಿನ ಬ್ರೀದರ್ ಬಿಚ್ಚಿ, ಆ ತೂತಿನಿಂದ ದೊಡ್ಡ ಸಿರಿಂಜ್ ಮತ್ತು ಸಣ್ಣ ಪೈಪಿನಲ್ಲಿ ಅಷ್ಟೇ ಹೊಸ ಎಣ್ಣೆ ಹಾಕಿ. ನಿಧಾನದ ಕೆಲಸ, ಒಂದು ಗಂಟೆ ಹಿಡಿಯಬಹುದು. ಗಾಡಿಯನ್ನು ವೆಲ್ಡಿಂಗ್ ಅಂಗಡಿಯವರೆಗೆ ಒಯ್ಯಲು ಇದು ಸಾಕು. ಮಟ್ಟ ನೋಡುವ ದಾರಿ ಇಲ್ಲದೆ ಹಾಗೇ ಓಡಿಸುತ್ತಿರುವುದು ಮಾತ್ರ ತಪ್ಪು.

ಹೊಸ ಪ್ಲಗ್ ನಲ್ಲಿ ಸಾಮಾನಿನ ಅಂಗಡಿಯಿಂದ ತರಬಹುದೇ?

ಥ್ರೆಡ್ ಒಂದೇ ಎಂದು ಖಾತ್ರಿಯಾದರೆ ತರಬಹುದು. ನಮ್ಮ ನಲ್ಲಿ ಸಾಮಾನೆಲ್ಲ ಬಿಎಸ್‌ಪಿ ಥ್ರೆಡ್, 55 ಡಿಗ್ರಿ ಕೋನ. ಅಮೆರಿಕದ ವಿನ್ಯಾಸದ ಜೀಪಿನ ಆಕ್ಸಲ್‌ನದು ಎನ್‌ಪಿಟಿ ಎಂಬ ಅಮೆರಿಕದ ಪೈಪ್ ಥ್ರೆಡ್, 60 ಡಿಗ್ರಿ. ಮೋಸ ಹೋಗುವುದು ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನಲ್ಲಿ. ಎರಡರಲ್ಲೂ ಇಂಚಿಗೆ 14 ಥ್ರೆಡ್ ಇರುವುದರಿಂದ ಕೈಯಲ್ಲಿ ತಿರುಗಿಸಿದರೆ ಒಳಗೆ ಹೋಗುತ್ತದೆ, ಕೂತ ಹಾಗೂ ಕಾಣುತ್ತದೆ, ಆದರೆ ಸೋರುತ್ತದೆ. ಸೋರುತ್ತದೆಂದು ಬಿಗಿದರೆ ಹೌಸಿಂಗ್ ಥ್ರೆಡ್ ಹಾಳು. 3/8 ಇಂಚಿನಲ್ಲಿ ಬಿಎಸ್‌ಪಿಗೆ 19, ಎನ್‌ಪಿಟಿಗೆ 18 ಥ್ರೆಡ್, ಒಂದೆರಡು ಸುತ್ತಿಗೇ ಬಿಗಿಯಾಗಿ ತಿಳಿಸಿಬಿಡುತ್ತದೆ. ಹಳೆ ಪ್ಲಗ್ ಹೇಗೆ ಬಂದಿದ್ದರೂ ಎಸೆಯಬೇಡಿ, ಥ್ರೆಡ್ ಗೇಜಿಗೆ ಹಿಡಿಯಲು ಅದೇ ಬೇಕು. ಅದನ್ನೇ ತೋರಿಸಿ ಜೆ.ಸಿ. ರಸ್ತೆಯ ಸ್ಪೇರ್ಸ್ ಅಂಗಡಿಯಲ್ಲಿ ಕೇಳಿ, ಇಲ್ಲವೇ ಲೇತ್‌ನವರಿಗೆ ಕೊಡಿ. ಮಾಡಿಸುವುದಾದರೆ ಹೊರಚಾಚಿದ ಆರು ಮೂಲೆಯ ತಲೆ, 19 ಮಿ.ಮೀ. ಅಳತೆಗೆ ಮಾಡಿಸಿ. ತುದಿಯಲ್ಲಿ ಅಯಸ್ಕಾಂತ ಕೂರಿಸಿದರೆ ಇನ್ನೂ ಒಳ್ಳೆಯದು.

ಎಲ್ಲ ಪ್ಲಗ್ಗೂ ಟೇಪರ್ ಅಲ್ಲ. ಬಿಚ್ಚಿದಾಗ ಕತ್ತಿನಲ್ಲಿ ತಾಮ್ರದ ವಾಷರ್ ಇದ್ದರೆ ಅದು ನೇರ ಥ್ರೆಡ್, ಅಲ್ಲಿ ಸೋರಿಕೆ ತಡೆಯುವುದು ವಾಷರ್. ಹೊಸದು ಸಿಗದಿದ್ದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿ, ತಾಮ್ರ ಮತ್ತೆ ಮೆತ್ತಗಾಗುತ್ತದೆ.

ಹೌಸಿಂಗ್ ಥ್ರೆಡ್ ಸ್ವಲ್ಪ ಹೋಗಿದೆ.

ಅದೇ ಅಳತೆಯ ಟ್ಯಾಪಿಗೆ (ಥ್ರೆಡ್ ಕೊರೆಯುವ ಉಪಕರಣಕ್ಕೆ) ಗ್ರೀಸ್ ಹಚ್ಚಿ ನಿಧಾನವಾಗಿ ಹಾಯಿಸಿ, ಹಳೆ ಥ್ರೆಡ್ ಸ್ವಚ್ಛವಾಗುವಷ್ಟು ಮಾತ್ರ. ಟೇಪರ್ ಟ್ಯಾಪ್ ಜಾಸ್ತಿ ಒಳಗೆ ಹೋದರೆ ತೂತೇ ದೊಡ್ಡದಾಗಿ ಪ್ಲಗ್ ಪೂರ್ತಿ ಒಳಗಿಳಿಯುತ್ತದೆ. ಅರ್ಧಕ್ಕಿಂತ ಹೆಚ್ಚು ಥ್ರೆಡ್ ಹೋಗಿದ್ದು, ಬಾಸಿನ ಗೋಡೆ ದಪ್ಪವಾಗಿದ್ದರೆ ಮುಂದಿನ ಅಳತೆಗೆ ಏರಿಸಬಹುದು. ತೆಳುವಾಗಿದ್ದರೆ ಲೇತ್‌ನಲ್ಲಿ ಬುಶ್ ಮಾಡಿಸಿ ಕೂರಿಸುವುದೇ ಸರಿ.

ಡ್ರಿಲ್, ಟ್ಯಾಪ್ ಏನೇ ಮಾಡಿದ್ದರೂ ತೂತಿನಿಂದ ಸರಳಿಗೆ ಕಟ್ಟಿದ ಅಯಸ್ಕಾಂತ ಇಳಿಸಿ ತಳವನ್ನೆಲ್ಲ ತಡಕಿ. ಆಮೇಲೆ ಕಾಲು ಲೀಟರ್ ಅಗ್ಗದ ಗೇರ್ ಎಣ್ಣೆ ಹಾಕಿ ಇಳಿಸಿ, ಹಳೆ ಬಿಳಿ ಬಟ್ಟೆಯಲ್ಲಿ ಸೋಸಿ ನೋಡಿ. ಬಟ್ಟೆಯ ಮೇಲೆ ಹೊಳೆಯುವ ಚೂರು ಇರುವವರೆಗೂ ಇದನ್ನೇ ಮಾಡಿ. ಈ ಹಂತದಲ್ಲಿ ಆತುರ ಪಟ್ಟರೆ ಪಿನಿಯನ್ ಬೇರಿಂಗ್ ಬೆಲೆ ತೆರುತ್ತದೆ.

ಎಷ್ಟು ಬಿಗಿಯಬೇಕು? ಯಾವ ಎಣ್ಣೆ, ಎಷ್ಟು?

ಟೇಪರ್ ಪ್ಲಗ್ಗಿಗೆ ಟೆಫ್ಲಾನ್ ಟೇಪ್ ಎರಡು ಸುತ್ತು, ಬಿಗಿಯುವ ದಿಕ್ಕಿಗೇ, ತುದಿಯ ಮೊದಲ ಥ್ರೆಡ್ ಬಿಟ್ಟು. ಕೈಯಲ್ಲಿ ತಿರುಗುವವರೆಗೆ ತಿರುಗಿಸಿ, ಆಮೇಲೆ ಪಾನದಲ್ಲಿ ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ. ಹಿಡಿಕೆ 20 ಸೆಂ.ಮೀ. ಮೀರದಿರಲಿ. ತಲೆ ಹೌಸಿಂಗ್‌ಗೆ ತಾಗಬೇಕೆಂದು ಕಾಯಬೇಡಿ, ಟೇಪರ್ ಪ್ಲಗ್ ತಾಗುವುದಿಲ್ಲ. ಎಂ-ಸೀಲ್ ಬೇಡ, ಗಟ್ಟಿಯಾಗುವ ಯಾವ ಪೇಸ್ಟೂ ಬೇಡ.

ಈ ಗಾಡಿಗಳ ಹಿಂದಿನ ಆಕ್ಸಲ್ ಹೈಪಾಯ್ಡ್ ಹಲ್ಲಿನದು, ಹಲ್ಲುಗಳು ಒಂದರ ಮೇಲೊಂದು ಉಜ್ಜುತ್ತಾ ಜಾರುತ್ತವೆ. ಅದಕ್ಕೆ ಎಸ್‌ಎಇ 90 ಅಥವಾ 80ಡಬ್ಲ್ಯು-90, ಜಿಎಲ್-5 ದರ್ಜೆಯ ಎಣ್ಣೆ ಬೇಕು. ಜಿಎಲ್-5 ಹಿತ್ತಾಳೆಗೆ ಒಳ್ಳೆಯದಲ್ಲ ಎಂಬ ಮಾತು ಗೇರ್‌ಬಾಕ್ಸಿನ ಸಿಂಕ್ರೋ ರಿಂಗಿನ ವಿಚಾರ, ಅದನ್ನು ಇಲ್ಲಿಗೆ ತರಬೇಡಿ. ಅಂಬಾಸಿಡರ್‌ಗೆ ಸುಮಾರು ಒಂದೂಕಾಲು ಲೀಟರ್, ಜೀಪಿನ ಹಿಂದಿನ ಆಕ್ಸಲ್‌ಗೆ ಸುಮಾರು 1.2 ಲೀಟರ್, ಹೆರಾಲ್ಡ್‌ಗೆ ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ನಿಜವಾದ ಅಳತೆ ಮಾತ್ರ ತೂತಿನದೇ. ಗಾಡಿ ನಾಲ್ಕೂ ಕಡೆ ಸಮವಾಗಿ ನಿಂತಿರುವಾಗ ತೂತಿನ ಕೆಳ ಅಂಚಿನಿಂದ ಎಣ್ಣೆ ತೊಟ್ಟಿಕ್ಕಬೇಕು. ಹತ್ತು ನಿಮಿಷ ಬಿಟ್ಟು, ಇಳಿದಿದ್ದರೆ ಮತ್ತೆ ತುಂಬಿ. ಹಿಂಭಾಗ ಎತ್ತಿಟ್ಟು ತುಂಬಿದರೆ ಮಟ್ಟ ತಪ್ಪುತ್ತದೆ. ಹೆಚ್ಚಾದ ಎಣ್ಣೆ ಆಕ್ಸಲ್ ಸೀಲು ದಾಟಿ ಬ್ರೇಕ್ ಲೈನರಿಗೆ ಹತ್ತುತ್ತದೆ.

ಇಳಿದ ಹಳೆ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ನುಣ್ಣನೆಯ ಬೂದು ಪೇಸ್ಟ್ ಸಹಜ. ಉಗುರಿಗೆ ಸಿಗುವ ಚೂರು ಬಂದರೆ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ. ಹಾಲು ಬೆರೆತ ಕಾಫಿಯ ಬಣ್ಣವಾದರೆ ನೀರು ಹೋಗಿದೆ, ಸೀಲು ಮತ್ತು ಬ್ರೀದರ್ ನೋಡಿ. ಹಳೆ ಎಣ್ಣೆಯನ್ನು ಗೆದ್ದಲಿಗೆಂದು ಬೇಲಿ ಕಂಬಕ್ಕೆ ಬಳಿಯುವುದು, ಮೋರಿಗೆ ಸುರಿಯುವುದು ಬೇಡ, ಬಾವಿ ನೀರಿಗೆ ಸೇರುತ್ತದೆ. ಡಬ್ಬದಲ್ಲಿ ತುಂಬಿ ಹಳೆ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಮುಂದಿನ ಸಲ ಹೀಗಾಗದಿರಲು?

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಮೇಲಿನ ಪ್ಲಗ್ ಬಿಚ್ಚಿ ಎಣ್ಣೆಯ ಮಟ್ಟ ನೋಡಿ ಮತ್ತೆ ಹಾಕಿ. ಕುಳಿಯ ಪ್ಲಗ್ಗಾದರೆ ಕುಳಿಗೆ ಗಟ್ಟಿ ಗ್ರೀಸ್ ತುಂಬಿಡಿ, ಕೆಸರು ಕೂರುವುದಿಲ್ಲ. ಹೊರ ಅಂಚಿಗೂ ಬೆರಳಿನಷ್ಟು ಗ್ರೀಸ್ ಸವರಿ. ಹೊಸ ಪ್ಲಗ್ಗಿನ ತಲೆಯ ಅಳತೆಯನ್ನೂ ಥ್ರೆಡ್ ಯಾವುದೆಂಬುದನ್ನೂ ಡಿಕ್ಕಿ ಬಾಗಿಲಿನ ಒಳಮೈ ಮೇಲೆ ಬಣ್ಣದ ಪೆನ್ನಿನಲ್ಲಿ ಬರೆದಿಡಿ, ಮುಂದೆ ಬಿಚ್ಚುವವರು ಸರಿಯಾದ ಪಾನವನ್ನೇ ತೆಗೆದುಕೊಳ್ಳುತ್ತಾರೆ.